ಗುಂಡಿಗೆ ಇಳಿದ ಚಕ್ರ ತಾನಾಗೇ ಯಾಕೆ ತಿರುಗುತ್ತೆ?

ಕಾಲೇಜ್ ವರ್ಕ್‌ಶಾಪಲ್ಲಿ ನಾವೇ ಪೈಪ್ ಕಟ್ ಮಾಡಿ ವೆಲ್ಡ್ ಮಾಡಿ ಕಟ್ಟಿದ ಮೊದಲ ಗಾಡಿ ಸಮತಟ್ಟು ಜಾಗದಲ್ಲಿ ಚೆನ್ನಾಗೇ ಓಡ್ತಿತ್ತು, ಆದ್ರೆ ಒಂದು ಕಡೆ ಚಕ್ರ ಗುಂಡಿಗೆ ಇಳಿದ್ರೆ ಸಾಕು, ಸ್ಟೀರಿಂಗ್ ಎಷ್ಟೇ ಗಟ್ಟಿಯಾಗಿ ಹಿಡ್ಕೊಂಡಿದ್ರೂ ಗಾಡಿ ಪಕ್ಕಕ್ಕೆ ಎಳೀತಿತ್ತು. ಇದಕ್ಕೆ ಬಂಪ್ ಸ್ಟೀರ್ ಅಂತಾರೆ.

ಕಾರಣ ಇಷ್ಟೇ. ಚಕ್ರವನ್ನ ಚಾಸಿಗೆ, ಅಂದ್ರೆ ಗಾಡಿಯ ಚೌಕಟ್ಟಿಗೆ, ಸೇರಿಸೋ ತೋಳುಗಳಾದ ವಿಶ್‌ಬೋನ್‌ಗಳು ಬಾಗಿಲ ಥರ ಚಾಸಿಯ ಕೀಲಲ್ಲಿ ತಿರುಗುತ್ವೆ, ಹಾಗಾಗಿ ಚಕ್ರ ಮೇಲೆ ಕೆಳಗೆ ಆಡೋದು ನೇರವಾಗಲ್ಲ, ಕಮಾನಿನ ದಾರೀಲಿ. ಸ್ಟೀರಿಂಗ್ ಕಡೆಯಿಂದ ಚಕ್ರಕ್ಕೆ ಹೋಗೋ ಸರಳು, ಅಂದ್ರೆ ಟೈ ರಾಡ್‌ಗೂ ಅದರದ್ದೇ ಒಂದು ಕಮಾನಿದೆ. ಎರಡೂ ಹೊಂದದಿದ್ರೆ ಟೈ ರಾಡ್ ಚಕ್ರ ಕೂರೋ ಹಬ್ ಅನ್ನ ತಳ್ಳುತ್ತೆ ಇಲ್ಲ ಎಳೆಯುತ್ತೆ, ಚಕ್ರ ತಿರುಗುತ್ತೆ. ನಾವು ಕಾಲಿಡೋಕೆ ಜಾಗ ಸಾಲಲ್ಲ ಅಂತ ರ್ಯಾಕನ್ನ (ಸ್ಟೀರಿಂಗ್ ತಿರುಗಿಸಿದಾಗ ಟೈ ರಾಡ್‌ಗಳನ್ನ ಎಡಕ್ಕೆ ಬಲಕ್ಕೆ ಸರಿಸೋ ಹಲ್ಲಿನ ಸರಳು) 20 ಎಂಎಂ ಮೇಲೆ ಕೂರಿಸಿದ್ವಿ, ಎಡವಟ್ಟಾಗಿದ್ದೇ ಅಲ್ಲಿ.

ಅಳೆಯೋದು ಸುಲಭ. ಸ್ಪ್ರಿಂಗ್ ಬಿಚ್ಚಿ, ರ್ಯಾಕ್ ಮಧ್ಯಕ್ಕೆ ತಂದು ಲಾಕ್ ಮಾಡಿ, ಹಬ್‌ಗೆ ಒಂದು ಚಪ್ಪಟೆ ಪ್ಲೇಟ್ ಬೋಲ್ಟ್ ಮಾಡಿ, ಜಾಕಲ್ಲಿ 10 ಎಂಎಂ 10 ಎಂಎಂ ಎತ್ತುತ್ತಾ ಇಳಿಸ್ತಾ ಪ್ಲೇಟಿನ ಮುಂದಿನ ಅಂಚು, ಹಿಂದಿನ ಅಂಚು ಎಷ್ಟು ಸರಿದ್ವು ಅಂತ ಬರ್ಕೊಂಡು ಒಂದು ಗ್ರಾಫ್ ಹಾಕಿ. ಎತ್ತಿದಾಗ ಒಂದು ಕಡೆ, ಇಳಿಸಿದಾಗ ಇನ್ನೊಂದು ಕಡೆ ತಿರುಗಿದ್ರೆ ಟೈ ರಾಡ್‌ನ ಓರೆ ತಪ್ಪಿದೆ, ರಾಡ್ ಎಂಡ್ (ಅದರ ತುದಿಯ ಕೀಲು) ಕೆಳಗೆ ವಾಷರ್ ಹಾಕಿಯೋ ತೆಗೆದೋ ಸರಿ ಮಾಡ್ಬಹುದು. ಎರಡೂ ಸಲ ಒಂದೇ ಕಡೆ ತಿರುಗಿದ್ರೆ ಅದರ ಉದ್ದವೇ ತಪ್ಪು, ವಾಷರಿಂದ ಆಗಲ್ಲ, ಒಳಗಿನ ಕೀಲಿನ ಜಾಗವನ್ನೇ ಬದಲಿಸ್ಬೇಕು. ನನಗಂತೂ ಇದು ತಿಳಿದ ದಿನ ಕಣ್ಣು ತೆರೆದ ಹಾಗಾಯ್ತು, ಬರೀ ಒಂದು ಕಾಗದದ ಮೇಲಿನ ಗೆರೆ ನೋಡಿ ರೋಗ ಯಾವುದು ಅಂತ ಹೇಳ್ಬಹುದು!

ಇನ್ನು ತಿರುವು. ಒಳಗಿನ ಚಕ್ರ ಚಿಕ್ಕ ಸುತ್ತು ಹಾಕುತ್ತೆ, ಅದಕ್ಕೇ ಅದು ಜಾಸ್ತಿ ತಿರುಗ್ಬೇಕು. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ) 1550 ಎಂಎಂ, ಎಡ ಬಲ ಚಕ್ರಗಳ ನಡುವೆ 1200 ಎಂಎಂ ಇರೋ ಗಾಡಿ 4 ಮೀಟರ್ ರೇಡಿಯಸಲ್ಲಿ ನಿಧಾನಕ್ಕೆ ತಿರುಗಿದ್ರೆ ಒಳಗಿನದ್ದು ಸುಮಾರು 24.5 ಡಿಗ್ರಿ, ಹೊರಗಿನದ್ದು 18.6. ಇಲ್ಲಾಂದ್ರೆ ಟೈರ್ ಉಜ್ಜಿಕೊಂಡೇ ಹೋಗುತ್ತೆ. ಈ ಲೆಕ್ಕ ಕಾರಿಗಿಂತ ಹಳೇದು, ಮ್ಯೂನಿಕ್‌ನ ಲಾಂಕೆನ್‌ಸ್ಪೆರ್ಗರ್ ಕುದುರೆ ಗಾಡಿಗೆ ಅಂತ ಯೋಚಿಸಿದ್ದು, 1818ರಲ್ಲಿ ಲಂಡನ್‌ನಲ್ಲಿ ಪೇಟೆಂಟ್ ಮಾಡಿಸಿದ ಆಕರ್‌ಮನ್ ಹೆಸರೇ ಉಳ್ಕೊಂಡಿತು.

ಅಲೈನ್‌ಮೆಂಟ್ ಮಾಡುವಾಗ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗೋ ಅಕ್ಷದ ಓರೆ), ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮೊದಲು, ಟೋ (ಮೇಲಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ಮುಖ ಮಾಡಿರೋದು) ಕೊನೆಗೆ, ಯಾಕಂದ್ರೆ ಮೊದಲೆರಡನ್ನ ಮುಟ್ಟಿದ್ರೆ ಟೋ ಹಾಳಾಗುತ್ತೆ. ಅದೂ ರಸಮಟ್ಟ ಇಟ್ಟು ನೋಡಿದ ನೆಲದ ಮೇಲೆ, ಸೀಟಲ್ಲಿ ಡ್ರೈವರ್ ತೂಕದಷ್ಟು ಮರಳು ಮೂಟೆ ಕೂರಿಸ್ಕೊಂಡು.