ದನಗಳನ್ನು ಓಡಿಸಿದರೆ ಕಾಡುಪ್ರಾಣಿಗಳು ಉಳಿಯುತ್ತವೆಯೇ?

ಪ್ರಶ್ನೆ: ಕೀನ್ಯಾದ ಮಸಾಯಿ ಮಾರಾಕ್ಕೆ ಸಫಾರಿ ಹೋಗಿದ್ದೆವು. ಅಭಯಾರಣ್ಯದ ಗಡಿಯುದ್ದಕ್ಕೂ ಮಸಾಯಿ ಎಂಬ ದನಗಾಹಿ ಜನರ ದನಗಳು. ಹುಲ್ಲನ್ನೆಲ್ಲ ಇವೇ ಮೇಯ್ದರೆ ಕಾಡುಪ್ರಾಣಿಗಳ ಗತಿಯೇನು? ಈ ಜನರನ್ನು ಬೇರೆಡೆಗೆ ಕಳಿಸಬಾರದೇ?

ಉತ್ತರ: ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆ ನೋಡಿದವರು ಊರಿಗೆ ಮರಳುತ್ತಿದ್ದಂತೆ ಪ್ರತಿ ವರ್ಷ ಈ ಪ್ರಶ್ನೆಯೂ ಬಂದಿಳಿಯುತ್ತದೆ. ಹಿಂದಿನ ಉತ್ತರವನ್ನು ಯಾರೂ ಓದಿದಂತಿಲ್ಲ. ಇರಲಿ, ಮತ್ತೊಮ್ಮೆ ಹೇಳುತ್ತೇನೆ.

ಕಳಿಸಿ ನೋಡಿದ್ದೂ ಆಗಿದೆ. ಟಾಂಜಾನಿಯಾದ ಸೆರೆಂಗೆಟಿಯಿಂದ ಮಸಾಯಿಗಳನ್ನು ಎಬ್ಬಿಸಿದ್ದು 1959ರಲ್ಲಿ. ‘ಪಕ್ಕದ ಎನ್‌ಗೊರೊಂಗೊರೊದಲ್ಲಿ ದನಗಳೊಡನೆ ಇರಿ’ ಎಂದು ಆಗ ಮಾತು ಕೊಡಲಾಗಿತ್ತು. 2022ರಿಂದ ಅಲ್ಲಿಂದಲೂ ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾ ಎಂಬ ಹಳ್ಳಿಗೆ ಸಾಗಿಸುವ ಕೆಲಸ ನಡೆದಿದೆ. ಜನರು ಸ್ವಇಚ್ಛೆಯಿಂದ ಹೊರಟಿದ್ದಾರೆ ಎನ್ನುತ್ತದೆ ಸರ್ಕಾರ. ಅಲ್ಲಿನ ಅನೇಕರು ಅದನ್ನು ಒಪ್ಪುವುದಿಲ್ಲ.

ಈಗ ಹುಲ್ಲಿನ ವಿಚಾರ. ದನ ತಿಂದದ್ದೆಲ್ಲ ಕಾಡುಪ್ರಾಣಿಯ ಬಾಯಿಂದ ಕಿತ್ತುಕೊಂಡದ್ದು ಎಂಬ ಲೆಕ್ಕ ಕೇಳುವುದಕ್ಕೆ ಸರಿಯಾಗಿಯೇ ಇದೆ, ಹುಲ್ಲುಗಾವಲು ಮಾತ್ರ ಹಾಗೆ ನಡೆಯುವುದಿಲ್ಲ. ಕೀನ್ಯಾದ ಲೈಕಿಪಿಯಾದಲ್ಲಿ ದನಗಳನ್ನು ಕಾಡುಪ್ರಾಣಿಗಳ ಜೊತೆಗೂ ಪ್ರತ್ಯೇಕವಾಗಿಯೂ ಮೇಯಿಸಿ ನೋಡಿದ್ದಾರೆ. ಬೇಸಿಗೆಯಲ್ಲಿ ಪೈಪೋಟಿ ಇದ್ದದ್ದು ನಿಜ. ಮಳೆಗಾಲದಲ್ಲಿ ಮಾತ್ರ ಕಾಡುಪ್ರಾಣಿಗಳ ಜೊತೆ ಮೇಯ್ದ ದನಗಳೇ ಹೆಚ್ಚು ಮೈದುಂಬಿಕೊಂಡವು. ಜೀಬ್ರಾದಂಥ ಪ್ರಾಣಿಗಳು ಒಣಗಿದ, ಗಡುಸಾದ ಕಡ್ಡಿಯನ್ನು ತಿಂದು ತೆಗೆದರೆ ಎಳೆಹುಲ್ಲು ದನದ ಬಾಯಿಗೆ ಸಿಗುತ್ತದೆ.

ಇನ್ನು ಜಾಗ ಬಿಟ್ಟುಕೊಡುವವರು ಯಾರು ಎಂದು ನೋಡಿ. ಸೆರೆಂಗೆಟಿ–ಎನ್‌ಗೊರೊಂಗೊರೊ ಬಯಲಿನಲ್ಲಿ ವೈಲ್ಡ್‌ಬೀಸ್ಟ್‌ಗಳು ಕರು ಹಾಕುವ ಕಾಲಕ್ಕೆ ಅಲ್ಲಿನ ಹುಲ್ಲು ವರ್ಷದಲ್ಲೇ ಅತ್ಯಂತ ಪುಷ್ಟಿಕರ. ಆದರೂ ಮಸಾಯಿಗಳು ಆಗಲೇ ದನಗಳನ್ನು ಎತ್ತರದ ಪ್ರದೇಶಕ್ಕೆ ಹೊಡೆದುಕೊಂಡು ಹೋಗುತ್ತಾರೆ. ವೈಲ್ಡ್‌ಬೀಸ್ಟ್ ಕರುಗಳು ಹರಡುವ ವೈರಸ್ಸೊಂದು ಅವುಗಳಿಗೆ ಏನೂ ಮಾಡುವುದಿಲ್ಲ. ದನಕ್ಕೆ ತಗುಲಿದರೆ ಸಾಮಾನ್ಯವಾಗಿ ಸಾವೇ. ಒಳ್ಳೆಯ ಹುಲ್ಲು ಕಾಡುಪ್ರಾಣಿಗೆ, ಎರಡನೆಯ ದರ್ಜೆಯದು ದನಕ್ಕೆ. ಈ ವ್ಯವಸ್ಥೆಯಲ್ಲಿ ಕಬಳಿಸುತ್ತಿರುವವರು ಯಾರು, ನೀವೇ ಹೇಳಿ.

ಹಟ್ಟಿಯನ್ನೂ ನೋಡಬೇಕು. ಜಾಲಿಮುಳ್ಳಿನ ಬೇಲಿಯೊಳಗೆ ರಾತ್ರಿಯಿಡೀ ನಿಲ್ಲುವ ದನಗಳ ಸಗಣಿ ವರ್ಷಗಟ್ಟಲೆ ಪದರು ಪದರಾಗಿ ಕೂಡುತ್ತದೆ. ಕುಟುಂಬ ಬೇರೆಡೆಗೆ ಹೋದ ಮೇಲೆ ಬೇಲಿ ಕೊಳೆತು, ಆ ಜಾಗದಲ್ಲಿ ಸಾರಜನಕ, ರಂಜಕ ತುಂಬಿದ ಹುಲ್ಲು ಹುಟ್ಟುತ್ತದೆ. ಸುತ್ತ ಕುರುಚಲು, ನಡುವೆ ದುಂಡನೆಯ ಹಸಿರು ಬಯಲು. ಜಿಂಕೆ ಜಾತಿಯ ಪ್ರಾಣಿಗಳು ಅಲ್ಲಿಗೇ ಬಂದು ಮೇಯುತ್ತವೆ. ಮಸಾಯಿಗಳಿಗಿಂತ ಬಹಳ ಹಿಂದಿನ ದನಗಾಹಿಗಳು ನೆಲೆಸಿದ್ದ, ಸಾವಿರಾರು ವರ್ಷ ಹಳೆಯ ಇಂಥ ತಾಣಗಳ ಮಣ್ಣು ನೈಋತ್ಯ ಕೀನ್ಯಾದಲ್ಲಿ ಇಂದಿಗೂ ಸುತ್ತಲಿನದಕ್ಕಿಂತ ಫಲವತ್ತಾಗಿದೆ ಎಂದು 2018ರಲ್ಲಿ ಸಂಶೋಧಕರು ತೋರಿಸಿದರು. ನೀವು ಕ್ಯಾಮೆರಾ ಹಿಡಿದು ‘ಮನುಷ್ಯ ಮುಟ್ಟದ ಬಯಲು’ ಎಂದು ಬೆರಗಾದದ್ದರಲ್ಲಿ ಒಂದಷ್ಟು ಸಗಣಿಯ ಪ್ರಸಾದ.

ಹಾಗಾದರೆ ಪ್ರಾಣಿಗಳು ಕಡಿಮೆಯಾಗಿಲ್ಲವೇ? ಆಗಿವೆ. ಕೀನ್ಯಾದ ಹುಲ್ಲುಗಾವಲು ಪ್ರದೇಶಗಳಲ್ಲಿ 1977ರಿಂದ 2016ರ ನಡುವೆ ಸರಾಸರಿ ಶೇ. 68ರಷ್ಟು ಇಳಿಕೆ. ಜನಸಂಖ್ಯೆ, ಕುರಿ–ಮೇಕೆಗಳು ಹೆಚ್ಚಿದ್ದೂ ಇದಕ್ಕೆ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಸಿಂಹ ಹಸುವನ್ನು ಹಿಡಿದರೆ ಈಟಿ ಎತ್ತುವವರೂ, ವಿಷವಿಡುವವರೂ ಇದ್ದಾರೆ. ಆದರೆ ಮಾರಾದ ಪಕ್ಕದ ಲೊಯಿಟಾ ಬಯಲಿನ ಸ್ಥಳೀಯ ವೈಲ್ಡ್‌ಬೀಸ್ಟ್‌ಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿದ್ದು ಮುಖ್ಯವಾಗಿ ಅವು ಕರು ಹಾಕುವ ನೆಲದಲ್ಲಿ ಟ್ರ್ಯಾಕ್ಟರ್ ಓಡಿ ಗೋಧಿ ಬೆಳೆದ ಮೇಲೆ. 1968ರ ಕಾನೂನಿನಡಿ ಸಾಮೂಹಿಕ ಒಡೆತನಕ್ಕೆ ಬಂದ ಮೇವಿನ ಭೂಮಿಯನ್ನು ಮುಂದೆ ತುಂಡು ತುಂಡಾಗಿ ಹಂಚಿ, ತಂತಿಬೇಲಿ ಹಾಕಲಾಯಿತು. ನಮ್ಮ ಗೋಮಾಳಗಳಿಗೆ ಏನಾಯಿತು ಎಂದು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಂಬೊಸೆಲಿ ರಾಷ್ಟ್ರೀಯ ಉದ್ಯಾನ ಕೇವಲ 392 ಚದರ ಕಿಲೋಮೀಟರ್; ಅದರ ಆನೆಗಳು ಸುತ್ತಲಿನ ಮಸಾಯಿ ಭೂಮಿಯಿಲ್ಲದೆ ಬದುಕಲಾರವು. ದನಗಾಹಿ ಎದ್ದುಹೋದರೆ ಆ ನೆಲಕ್ಕೆ ಬರುವುದು ಸಿಂಹವಲ್ಲ, ಹೊಲ ಮತ್ತು ಸೈಟು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯಿದೆ: ನೀವು ತೆತ್ತ ಸಫಾರಿ ದುಡ್ಡು ಯಾರಿಗೆ ಹೋಯಿತು? ಮಾರಾ ಅಭಯಾರಣ್ಯದ ಸುತ್ತ, ಮುಖ್ಯವಾಗಿ 2006ರ ನಂತರ, ಮಸಾಯಿಗಳು ತಮ್ಮ ತುಂಡು ಭೂಮಿಗಳನ್ನು ಒಟ್ಟುಗೂಡಿಸಿ ‘ಕನ್ಸರ್ವೆನ್ಸಿ’ಗಳನ್ನು, ಅಂದರೆ ಕಾಡುಪ್ರಾಣಿಗಳಿಗೆ ಬಿಟ್ಟ ಖಾಸಗಿ ತಾಣಗಳನ್ನು ಮಾಡಿಕೊಂಡರು. ಪ್ರವಾಸಿ ಕಂಪನಿಗಳು ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತವೆ. ಬೇಲಿ ಹೋಯಿತು, ಪ್ರಾಣಿ ಬಂತು, ಕೈಗೆ ಕಾಸೂ ಬಂತು. ಆದರೆ ಬಾಡಿಗೆ ಸಿಗುವುದು ಹಕ್ಕುಪತ್ರ ಇದ್ದವರಿಗೆ, ಮತ್ತು ಹಕ್ಕುಪತ್ರ ಬಹುತೇಕ ಗಂಡಸರ ಹೆಸರಿನಲ್ಲಿದೆ. ಹಾಲು ಕರೆಯುವ, ಆ ಹಾಲಿನ ಮೇಲೆ ಹಿಡಿತವಿರುವ ಹೆಂಗಸಿನ ಪಾಲಿಗೆ, ಕನ್ಸರ್ವೆನ್ಸಿಯೊಳಗೆ ಮೇಯಿಸಲು ನಿರ್ಬಂಧವಿರುವುದರಿಂದ ಮೇವು ಕಡಿಮೆಯಾಗಿ ಹಾಲು ಇಳಿದರೆ, ಗಂಡನ ಖಾತೆಗೆ ಬಿದ್ದ ಬಾಡಿಗೆ ಅದರ ಬದಲಿಯಲ್ಲ. 2020ರಲ್ಲಿ ಕೋವಿಡ್‌ನಿಂದ ಪ್ರವಾಸಿಗರು ನಿಂತಾಗ ಬಾಡಿಗೆಗೂ ಕತ್ತರಿ ಬಿತ್ತು. ಬಾಡಿಗೆ ಪಡೆಯುವ ಕುಟುಂಬಗಳೂ ದನಗಳನ್ನು ಏಕೆ ಬಿಡುವುದಿಲ್ಲ ಎಂದು ಮುಂದಿನ ವಾರ ಕೇಳಬೇಡಿ. ಶಾಲೆಯ ಶುಲ್ಕ ಕಟ್ಟುವ ದಿನ ಸಂತೆಗೆ ಹೊಡೆದುಕೊಂಡು ಹೋಗಲು ಒಂದು ಹೋರಿಯಾದರೂ ದೊಡ್ಡಿಯಲ್ಲಿ ಇರಬೇಕಲ್ಲ.