ಕಾರಿನ ಮೊದಲ ಸ್ಪ್ರಿಂಗ್ ಟೈರೇ

ಮಾರುತಿ ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾಡೆಲ್‌ಗೆ 165/80 ಆರ್14 ಟೈರ್ ಬರುತ್ತದೆ. ಮೇಲಿನ ಮಾಡೆಲ್‌ಗೆ 185/65 ಆರ್15. ಜಾಸ್ತಿ ದುಡ್ಡು ಕೊಟ್ಟವರಿಗೆ ಅಗಲದ ಟೈರ್, ದೊಡ್ಡ ಅಲಾಯ್ ವೀಲ್ ಸಿಗುತ್ತದೆ. ನೋಡಲು ಚೆಂದ, ತಿರುವಿನಲ್ಲಿ ಹಿಡಿತವೂ ಚೆನ್ನಾಗಿರುತ್ತದೆ. ಆದರೆ ಕಿತ್ತುಹೋದ ರಸ್ತೆಯಲ್ಲಿ ಮೈಗೆ ಬರುವ ಪೆಟ್ಟು ತಡೆಯುವುದರಲ್ಲಿ ಆ ಚಿಕ್ಕ ರಿಮ್ಮಿನ ಟೈರೇ ಒಂದು ಕೈ ಮೇಲು. ಯಾಕೆ ಅನ್ನುವುದು ಟೈರ್ ಮೇಲಿನ ಅಂಕಿಗಳಲ್ಲೇ ಇದೆ.

ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕೆಯ ಎತ್ತರ, ಅಂದರೆ ರಿಮ್ ಅಂಚಿನಿಂದ ರಸ್ತೆ ಮುಟ್ಟುವ ಮೈವರೆಗಿನ ಭಾಗ. ಅದನ್ನು ಅಗಲದಲ್ಲಿ ಶೇಕಡಾ ಎಷ್ಟು ಎಂದು ಬರೆಯುತ್ತಾರೆ. ಕೊನೆಯ 14, 15 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಈಗ ಲೆಕ್ಕ ಹಾಕಿ. 165ರಲ್ಲಿ ಶೇ 80 ಅಂದರೆ 132 ಮಿ.ಮೀ. 185ರಲ್ಲಿ ಶೇ 65 ಅಂದರೆ 120 ಮಿ.ಮೀ. ಎರಡೂ ಚಕ್ರಗಳ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 62 ಸೆಂ.ಮೀ. ರಿಮ್ ಬೆಳೆದಿದೆ, ಪಕ್ಕೆ ಕುಗ್ಗಿದೆ. 12 ಮಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ ಗುಂಡಿಯ ಅಂಚು ಬಡಿದಾಗ ಟೈರಿಗೆ ಬಾಗಿಕೊಳ್ಳಲು ಇರುವ ಜಾಗವೇ ಅದು.

ಟೈರ್ ಪೆಟ್ಟು ನುಂಗುವುದು ಹೇಗೆ? ಒಳಗಿನ ಗಾಳಿ ಕುಗ್ಗಿ ಮತ್ತೆ ಹಿಗ್ಗುತ್ತದೆ, ತುದಿ ಮುಚ್ಚಿ ಒತ್ತಿದ ಸೈಕಲ್ ಪಂಪಿನ ಹಾಗೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ನಡೆಯುವುದು ಬೇರೆ. ಕಾರಿನ ಭಾರ ಬಿದ್ದಾಗ ಟೈರಿನ ತಳ ಒಂದೂವರೆ ಸೆಂಟಿಮೀಟರಿನಷ್ಟು ಕುಸಿದು ಚಪ್ಪಟೆಯಾಗುತ್ತದೆ. ಟೈರಿನ ಸುತ್ತಳತೆಯ ಉದ್ದಕ್ಕೂ ತುಂಬಿರುವ ಗಾಳಿಯ ಮುಂದೆ ಅದು ಬಹಳ ಸಣ್ಣ ತಗ್ಗು. ಹಾಗಾಗಿ ಒಳಗಿನ ಒತ್ತಡ ಹೆಚ್ಚುವುದು ಗೊತ್ತೇ ಆಗುವುದಿಲ್ಲ. ಬದಲಾಗುವುದು ರಸ್ತೆಗೆ ಒತ್ತಿಕೊಂಡ ಜಾಗ. ಆ ಜಾಗವನ್ನು ಒತ್ತಡದಿಂದ ಗುಣಿಸಿದರೆ ಟೈರ್ ಹೊತ್ತಿರುವ ಭಾರ ಹತ್ತಿರಹತ್ತಿರ ಸಿಕ್ಕಿಬಿಡುತ್ತದೆ.

ಜನ ಕೂತ ಸಣ್ಣ ಕಾರೊಂದರ ಒಂದು ಚಕ್ರದ ಮೇಲೆ 300 ಕೆ.ಜಿ. ಬಿದ್ದಿದೆ ಎಂದುಕೊಳ್ಳಿ. 32 ಪಿಎಸ್‌ಐ ಗಾಳಿ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.25 ಕೆ.ಜಿ. ಒತ್ತಡ. 300 ಕೆ.ಜಿ. ಹೊರಲು 133 ಚದರ ಸೆಂ.ಮೀ. ಬೇಕು. ಬೆರಳುಗಳೂ ಸೇರಿದ ಒಂದು ಹಸ್ತದಷ್ಟು ಜಾಗ. ಇಡೀ ಕಾರು ರಸ್ತೆ ಮೇಲೆ ನಿಂತಿರುವುದು ಇಂಥ ನಾಲ್ಕು ತುಂಡುಗಳ ಮೇಲೆ. ಅದೇ ಟೈರಿಗೆ 40 ಪಿಎಸ್‌ಐ ಹೊಡೆಸಿದರೆ 107 ಚದರ ಸೆಂ.ಮೀ. ಸಾಕಾಗುತ್ತದೆ. ಟೈರ್ ಕಡಿಮೆ ಚಪ್ಪಟೆಯಾಗುತ್ತದೆ. ಚಕ್ರ ಕಲ್ಲು ಹತ್ತಿದಾಗ, ಒತ್ತಿಕೊಂಡ ಪ್ರತಿ ಚದರ ಸೆಂಟಿಮೀಟರೂ ಮೊದಲಿಗಿಂತ ಕಾಲುಭಾಗ ಜಾಸ್ತಿ ಜೋರಿನಿಂದ ಚಕ್ರವನ್ನು ಮೇಲೆ ತಳ್ಳುತ್ತದೆ. ಕಾರು ಎತ್ತಾಕುತ್ತದೆ ಅಂತ ನಾವು ಹೇಳುವುದು ಇದಕ್ಕೇ.

ಅಗಲದ ಟೈರ್ ಅಂದರೆ ಮೆತ್ತಗಿರುತ್ತದೆ ಎಂಬ ನಂಬಿಕೆಗೂ ಈ ಲೆಕ್ಕದಲ್ಲಿ ಉತ್ತರವಿದೆ. ಗಾಳಿ ಅಷ್ಟೇ ಇದ್ದರೆ ರಸ್ತೆ ಮುಟ್ಟುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಅಗಲ ಹೆಚ್ಚಿದ ಮೇಲೆ ಅದರ ಉದ್ದ ಕಡಿಮೆಯಾಗಲೇಬೇಕು. ಉದ್ದ ಕಡಿಮೆ ಅಂದರೆ ಟೈರ್ ಕಡಿಮೆ ಕುಸಿದಿದೆ ಎಂದರ್ಥ. ಹಾಗಾಗಿ ಸವಾರಿ ಇನ್ನಷ್ಟು ಬಿರುಸಾಗುತ್ತದೆ.

ಹಾಗಾದರೆ ಸಸ್ಪೆನ್ಶನ್‌ನ, ಅಂದರೆ ಚಕ್ರಕ್ಕೂ ಕಾರಿನ ಮೈಗೂ ನಡುವಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಕೆಲಸ ಏನು ಅಂತ ಕೇಳಬಹುದು. ಇಬ್ಬರೂ ಕೆಲಸ ಹಂಚಿಕೊಂಡಿದ್ದಾರೆ. ಕಾರಿನ ಮೈ ತನ್ನ ಸ್ಪ್ರಿಂಗ್‌ಗಳ ಮೇಲೆ ಸೆಕೆಂಡಿಗೆ ಒಂದು ಅಥವಾ ಒಂದೂವರೆ ಸಲ ಮೇಲೆ ಕೆಳಗೆ ತೂಗುತ್ತದೆ. ಚಕ್ರ ಮಾತ್ರ ಸೆಕೆಂಡಿಗೆ 10ರಿಂದ 15 ಸಲ ಅದುರಬಲ್ಲದು. ಯಾಕೆಂದರೆ ಟೈರ್ ಆ ಸ್ಪ್ರಿಂಗ್‌ಗಿಂತ ಸುಮಾರು ಎಂಟು-ಹತ್ತು ಪಟ್ಟು ಬಿರುಸು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ದಾಟಲು ಅರ್ಧ ಸೆಕೆಂಡ್ ಬೇಕು. ಅಷ್ಟು ನಿಧಾನದ ಏರಿಳಿತವನ್ನು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ನೋಡಿಕೊಳ್ಳುತ್ತವೆ. ಅಲ್ಲಿ ಟೈರಿನ ಪಾಲು ಕಡಿಮೆ.

ಆದರೆ ಜಲ್ಲಿ ಎದ್ದ ರಸ್ತೆ, ಫ್ಲೈಓವರಿನ ಜಾಯಿಂಟು, ಬೆಂಗಳೂರಿನ ವೈಟ್‌ಟಾಪಿಂಗ್ ರಸ್ತೆಯ ಕಾಂಕ್ರೀಟ್ ಚಪ್ಪಡಿಗಳ ನಡುವಿನ ಗೆರೆ, ಇವೆಲ್ಲ ಬೇರೆ ಜಾತಿ. ಮೀಟರಿಗೊಂದು ಉಬ್ಬು ಇರುವ ದಾರಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ 16-17 ಪೆಟ್ಟು. ಅಷ್ಟು ವೇಗದ ಪೆಟ್ಟಿಗೆ ಶಾಕ್ ಅಬ್ಸಾರ್ಬರ್ ಬಿರುಸಾಗಿಬಿಡುತ್ತದೆ, ಪೆಟ್ಟನ್ನು ಪೂರ್ತಿ ನುಂಗಲಾರದು. ಅಲ್ಲಿ ಟೈರೇ ಗತಿ. ರಬ್ಬರಿನ ಮೈ ಸಣ್ಣ ಕಲ್ಲಿನ ಸುತ್ತ ತಗ್ಗಾಗಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಚಕ್ರದ ನಡುಭಾಗ ಹೆಚ್ಚು ಮೇಲೇಳುವುದಿಲ್ಲ. ಕಾರು ಹಂಪ್‌ನಲ್ಲಿ ಚೆನ್ನಾಗಿ ಹೋಗುತ್ತದೆ, ಸಣ್ಣ ಜಲ್ಲಿ ಮೇಲೆ ಮಾತ್ರ ಗಡಗಡ ಅನ್ನುತ್ತದೆ ಅಂದರೆ ಶಾಕ್ ಅಬ್ಸಾರ್ಬರ್ ಬದಲಿಸಲು ಓಡಬೇಡಿ. ಮೊದಲು ಗಾಳಿ ಎಷ್ಟಿದೆ ನೋಡಿ.

ಸ್ವಿಫ್ಟ್‌ನಂಥ ಕಾರಿಗೆ ಹೊರಗಡೆ 17 ಇಂಚಿನ ಅಲಾಯ್, 205/45 ಟೈರ್ ಹಾಕಿಸುವವರಿದ್ದಾರೆ. ಅಲ್ಲಿ ಉಳಿಯುವ ಪಕ್ಕೆ 92 ಮಿ.ಮೀ. ಮಾತ್ರ. ನಮ್ಮ ರಸ್ತೆಗಳಿಗೆ ಇದು ಸರಿಯಾದ ಆಯ್ಕೆ ಅಲ್ಲವೇ ಅಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ನೀರು ನಿಂತ ಗುಂಡಿಯ ಆಳ ಕಾಣುವುದಿಲ್ಲ. ಪಕ್ಕೆ ಪೂರ್ತಿ ಮಡಚಿ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ರಿಮ್ ಸೊಟ್ಟಗಾಗುತ್ತದೆ, ಇಲ್ಲವೇ ಪಕ್ಕೆಯೊಳಗಿನ ದಾರದ ಎಳೆಗಳು ತುಂಡಾಗಿ ಅಲ್ಲಿ ಕುರುವಿನಂತೆ ಉಬ್ಬು ಬರುತ್ತದೆ. ಉಬ್ಬು ಬಂದ ಟೈರಿಗೆ ರಿಪೇರಿ ಇಲ್ಲ. ಅದು ಯಾವಾಗ ಬೇಕಾದರೂ ಸಿಡಿಯಬಹುದು, ಬದಲಿಸಲೇಬೇಕು.

ಮೆತ್ತನೆಯ ಸವಾರಿಗಾಗಿ ಗಾಳಿ ಕಡಿಮೆ ಮಾಡುವ ಯೋಚನೆ ಹೊಸದೇನಲ್ಲ. ಬೆಲ್ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1887-88ರಲ್ಲಿ ಮಗನ ಮೂರುಚಕ್ರದ ಸೈಕಲ್ಲಿಗೆ ಗಾಳಿ ಟೈರ್ ಕಟ್ಟಿದ್ದೇ ಕುಲುಕಾಟ ತಪ್ಪಿಸಲು. ಮಿಶಲಿನ್ ಸಹೋದರರು 1895ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಓಟದಲ್ಲಿ ಕಾರಿಗೆ ಗಾಳಿ ಟೈರ್ ಹಾಕಿ ಓಡಿಸಿದರು. ಆ ಕಾಲದ ಟೈರ್‌ಗಳು ಸಪೂರ. ಭಾರ ಹೊರಬೇಕೆಂದರೆ 50 ಪಿಎಸ್‌ಐಗೂ ಮೇಲೆ ಗಾಳಿ ತುಂಬಬೇಕಿತ್ತು. 1923ರಲ್ಲಿ ಬಂದ ಬಲೂನ್ ಟೈರ್ ಇದನ್ನು ಬದಲಿಸಿತು. ಹೊಟ್ಟೆ ದೊಡ್ಡದು, ಪಕ್ಕೆ ಎತ್ತರ, ಗಾಳಿ ಮೊದಲಿಗಿಂತ ಎಷ್ಟೋ ಕಡಿಮೆ. ಗಮನಿಸಿ, ಟೈರಿನ ಗಾತ್ರ ಹೆಚ್ಚಿಸಿದ್ದರಿಂದಲೇ ಒತ್ತಡ ಇಳಿಸಲು ಸಾಧ್ಯವಾಯಿತು. ಇರುವ ಟೈರಿನಲ್ಲೇ ಸುಮ್ನೆ ಗಾಳಿ ಇಳಿಸಿದರೆ ಸವಾರಿ ಸ್ವಲ್ಪ ಮೆತ್ತಗಾದರೂ ಟೈರಿಗೆ ಅಪಾಯ.

ಯಾಕೆಂದರೆ ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಮಡಚುತ್ತದೆ. 62 ಸೆಂ.ಮೀ. ಎತ್ತರದ ಚಕ್ರ ಒಂದು ಕಿಲೋಮೀಟರಿನಲ್ಲಿ 500 ಸುತ್ತಿಗೂ ಜಾಸ್ತಿ ತಿರುಗುತ್ತದೆ. ಪ್ರತಿ ಮಡಿಕೆಯಲ್ಲೂ ಸ್ವಲ್ಪ ಬಿಸಿ ಹುಟ್ಟುತ್ತದೆ. ಬೇಸಿಗೆಯ ಹೈವೇ, ಹಿಂದಿನ ಸೀಟು ತುಂಬ ಜನ, ಡಿಕ್ಕಿ ತುಂಬ ಲಗೇಜು ಇದ್ದಾಗ ಆ ಬಿಸಿಯೇ ಟೈರ್ ಸಿಡಿಸುತ್ತದೆ. ಮೈಲೇಜ್ ಬೀಳುವುದು, ಟೈರಿನ ಅಂಚು ಸವೆಯುವುದು, ಸ್ಟೀರಿಂಗ್ ತಿರುಗಿಸಿದಾಗ ಕಾರು ತಡವಾಗಿ ತಿರುಗುವುದು ಬೇರೆ.

ಸರಿಯಾದ ಅಂಕಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲೋ ಕಾರಿನ ಜತೆ ಕೊಟ್ಟ ಪುಸ್ತಕದಲ್ಲೋ ಇರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 35ರ ಆಸುಪಾಸು. ಫುಲ್ ಲೋಡ್‌ಗೆ ಬೇರೆ ಅಂಕಿ ಕೊಟ್ಟಿದ್ದರೆ, ಮನೆಯವರೆಲ್ಲ ಊರಿಗೆ ಹೊರಟಾಗ ಅದನ್ನೇ ಹಾಕಿಸಿ, ವಾಪಸ್ ಬಂದ ಮೇಲೆ ಇಳಿಸಿ. ಒಬ್ಬರೇ ಓಡಾಡುವಾಗ ಫುಲ್ ಲೋಡ್ ಗಾಳಿ ಇಟ್ಟುಕೊಂಡರೆ ಸುಮ್ನೆ ಮೈಕೈ ನೋವು, ಅಲ್ವಾ. ಟೈರ್ ಮೇಲೆ ಅಚ್ಚಾಗಿರುವ 44 ಅಥವಾ 51 ಪಿಎಸ್‌ಐ ಆ ಟೈರ್ ತಡೆಯುವ ಗರಿಷ್ಠ ಮಿತಿ. ಅದು ನಿಮ್ಮ ಕಾರಿಗೆ ಹೇಳಿದ್ದಲ್ಲ. ನೈಟ್ರೋಜನ್ ತುಂಬಿಸಿದರೆ ಸವಾರಿ ಮೆತ್ತಗಾಗುತ್ತದೆ ಎಂಬುದೂ ನಿಜವಲ್ಲ. ನಾವು ತುಂಬಿಸುವ ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ಇನ್ನು ಅಳೆಯುವ ಹೊತ್ತು. ಚೀಟಿಯಲ್ಲಿರುವುದು ತಣ್ಣಗಿನ ಟೈರಿನ ಲೆಕ್ಕ. ಬೆಳಗ್ಗೆ 25 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರ್ ಹೈವೇಯಲ್ಲಿ ಓಡಿ ಇನ್ನೂ 30 ಡಿಗ್ರಿಯಷ್ಟು ಬಿಸಿಯೇರಿದರೆ ಗೇಜ್ 36-37 ತೋರಿಸುತ್ತದೆ. ಮಧ್ಯಾಹ್ನ ದಾರಿಯಲ್ಲಿನ ಬಂಕ್‌ನಲ್ಲಿ ನಿಲ್ಲಿಸಿ, ಜಾಸ್ತಿ ಆಗಿದೆ ಅಂತ 32ಕ್ಕೆ ಇಳಿಸಿಬಿಟ್ಟಿರಿ ಅಂದುಕೊಳ್ಳಿ. ಮರುದಿನ ಬೆಳಗ್ಗೆ ಅದೇ ಟೈರಿನಲ್ಲಿ ಇರುವುದು 28ಕ್ಕೂ ಕಡಿಮೆ. ಕಾರು ಮೂರು ಗಂಟೆ ನಿಂತ ಮೇಲೆ, ಇಲ್ಲವೇ ಬೆಳಗ್ಗೆ ಹೊರಟ ಕೂಡಲೇ ಹತ್ತಿರದ ಬಂಕ್‌ನಲ್ಲಿ ಅಳೆಸಿದರೆ ಸರಿಯಾದ ಅಂಕಿ ಸಿಗುತ್ತದೆ. ಬಂಕ್ ದೂರವಿದ್ದರೆ ಒಂದು ಸಣ್ಣ ಗೇಜ್ ತಂದಿಟ್ಟುಕೊಂಡು ಮನೆಯಲ್ಲೇ ನೋಡಿ, ಎಷ್ಟು ಕಡಿಮೆ ಇದೆ ಅಂತ ಬರೆದುಕೊಳ್ಳಿ. ಬಂಕ್‌ಗೆ ಹೋದಾಗ ಗೇಜ್ ಎಷ್ಟೇ ತೋರಿಸಲಿ, ಅದರ ಮೇಲೆ ಅಷ್ಟನ್ನು ಸೇರಿಸಿ ಹಾಕಿಸಿ.