ಆಪ್ಟ್-ಗೆಟ್‌ಗೆ ಸ್ಟಾರ್ ಹಾಕಿ ಕೊಟ್ರೆ ಎಲ್ಲಾ ಒಂದೇ ಸಲ ಬರಲ್ವಾ?

ಪ್ರಶ್ನೆ: ಉಬುಂಟುನಲ್ಲಿ ಪಿಎಚ್‌ಪಿ ಎಕ್ಸ್‌ಟೆನ್ಶನ್ (ಪಿಎಚ್‌ಪಿಗೆ ಸೇರಿಸೋ ಹೆಚ್ಚುವರಿ ಭಾಗ) ಹೆಸರು ಒಂದೊಂದೇ ಟೈಪ್ ಮಾಡೋ ಬದ್ಲು, ಪ್ಯಾಕೇಜ್ ಹಾಕೋ ಕಮಾಂಡ್‌ನಲ್ಲಿ ಆಪ್ಟ್-ಗೆಟ್ ಇನ್‌ಸ್ಟಾಲ್ ಪಿಎಚ್‌ಪಿ* ಅಂತ ಕೊಟ್ರೆ ಆಗಲ್ವಾ?

ಬರುತ್ತೆ, ಆದ್ರೆ ನೀವು ಕೇಳದೇ ಇರೋದೂ ಜೊತೆಗೇ ಬರುತ್ತೆ. ಬ್ರೌಸರ್‌ನಿಂದ ಡೇಟಾಬೇಸ್ ನೋಡ್ಕೊಳ್ಳೋ ಪಿಎಚ್‌ಪಿಮೈಅಡ್ಮಿನ್ ಹೆಸರೂ ಅದೇ ಅಕ್ಷರಗಳಿಂದ್ಲೇ ಶುರುವಾಗೋದಲ್ವಾ, ಅದೂ ಸರ್ವರ್‌ಗೆ ಬಂದು ಕೂತ್ಕೊಳುತ್ತೆ, ಡೇಟಾಬೇಸ್‌ಗೆ ಒಂದು ಬಾಗಿಲು ತೆರೆದಿಟ್ಟ ಹಾಗೆ. ಇದು ನನಗೆ ನಿಜಕ್ಕೂ ಚಿಂತೆ ಕೊಡೋ ವಿಷ್ಯ.

ನೀವು ಹಾಕಿದ ಸ್ಟಾರ್‌ನ ಮೊದ್ಲು ಓದೋದು ಆಪ್ಟ್ ಅಲ್ಲ, ಶೆಲ್, ಅಂದ್ರೆ ನೀವು ಟೈಪ್ ಮಾಡಿದ ಕಮಾಂಡ್‌ನ ಓದಿ ಓಡಿಸೋ ಪ್ರೋಗ್ರಾಂ. ನೀವಿರೋ ಫೋಲ್ಡರ್‌ನಲ್ಲಿ ಪಿಎಚ್‌ಪಿ.ಐಎನ್‌ಐ ಅಂತ ಫೈಲ್ ಇದ್ರೆ ಪಿಎಚ್‌ಪಿ* ಅನ್ನೋ ಇಡೀ ಪದದ ಜಾಗಕ್ಕೆ ಆ ಫೈಲ್ ಹೆಸರು ಹೋಗುತ್ತೆ, ಆಮೇಲೆ ಆಪ್ಟ್ ಅಂಥ ಪ್ಯಾಕೇಜ್ ಸಿಗ್ಲಿಲ್ಲ ಅನ್ನುತ್ತೆ, ನಾವು ಪ್ಯಾಕೇಜ್‌ಗಳು ಬರೋ ರೆಪೋನೇ ಕೆಟ್ಟಿದೆ ಅಂದ್ಕೊಂಡು ಗಂಟೆಗಟ್ಟಲೆ ತಲೆ ಕೆಡಿಸ್ಕೊತೀವಿ. ಸಿಂಗಲ್ ಕೋಟ್ ಹಾಕಿದ್ರೆ ಈ ಕಾಟ ಇಲ್ಲ.

ಕೋಟ್ ಹಾಕಿದ್ಮೇಲೆ ಆಪ್ಟ್ ಸರದಿ. ಹಳೇ ಆಪ್ಟ್-ಗೆಟ್ ಅದನ್ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಚಿಕ್ಕದಾಗಿ ರೆಜೆಕ್ಸ್, ಅಕ್ಷರ ಹೊಂದಿಸಿ ಹುಡುಕೋ ಒಂಥರಾ ಪ್ಯಾಟರ್ನ್) ಅಂತ ಓದ್ತಿತ್ತು, ಅಂದ್ರೆ ಸ್ಟಾರ್ ಹಿಂದಿನ ಕೊನೇ ಪಿ ಇರ್ಲಿ ಬಿಡ್ಲಿ, ಹೆಸರಿನ ಮಧ್ಯೆ ಎಲ್ಲೋ ಪಿ ಮತ್ತೆ ಎಚ್ ಅಕ್ಕಪಕ್ಕ ಇದ್ರೂ ಸಾಕು, ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಪಿಎಚ್ ಇರೋ ಗ್ರಾಫ್‌ವಿಜ್ ಕೂಡ ಲಿಸ್ಟ್‌ಗೆ ಸೇರ್ತಿತ್ತು. ಈಗಿನದು ಮೊದ್ಲು ಗ್ಲಾಬ್ ಅಂತ ನೋಡುತ್ತೆ, ಅಂದ್ರೆ ಸ್ಟಾರ್ ಜಾಗದಲ್ಲಿ ಏನು ಬೇಕಾದ್ರೂ ಇರ್ಬಹುದು ಅಂತ, ಅದ್ರಲ್ಲಿ ಏನೂ ಸಿಗ್ದಿದ್ರೆ ಮಾತ್ರ ರೆಜೆಕ್ಸ್.

ಸ್ಟಾರ್ ಹಾಕ್ದೇನೂ ಸಿಕ್ಕಿಹಾಕ್ಕೋಬಹುದು, ಇದು ತುಂಬ ಜನಕ್ಕೆ ಗೊತ್ತಿಲ್ಲ. ನಿಮ್ಮ ಉಬುಂಟುನಲ್ಲಿ ಇಲ್ದೇ ಇರೋ ಪೈಥಾನ್3.6 ಕೇಳಿದ್ರೆ ಆ ಚುಕ್ಕೆ ನೋಡಿ ಆಪ್ಟ್-ಗೆಟ್ ಅದನ್ನೂ ರೆಜೆಕ್ಸ್ ಅಂದ್ಕೊಳುತ್ತೆ, "ನೋಟ್, ಸೆಲೆಕ್ಟಿಂಗ್" ಅಂತ ಇನ್ಯಾವ್ದೋ ಲೈಬ್ರರಿ ಹೆಸರು ತೋರಿಸಿ ಸುಮ್ನೆ ಮುಗಿಸುತ್ತೆ, ಎರರ್ ಇಲ್ಲ ಅಂತ ಪೈಥಾನ್3.6 ಓಡಿಸಿದ್ರೆ ಕಮಾಂಡ್ ನಾಟ್ ಫೌಂಡ್.

ರಿಮೂವ್‌ನಲ್ಲಂತೂ ಇನ್ನೂ ಹುಷಾರು. ಮೈಎಸ್‌ಕ್ಯೂಎಲ್* ತೆಗೆದ್ರೆ ಮೈಎಸ್‌ಕ್ಯೂಎಲ್-ಕಾಮನ್ ಕೂಡ ಹೋಗುತ್ತೆ, ಅದರ ಮೇಲೆ ನಿಂತಿರೋ ಬೇರೆ ಪ್ಯಾಕೇಜ್‌ಗಳೂ ಹಿಂದೇನೇ ಹೋಗ್ತವೆ.

ನಾನು ಮಾಡೋದು ಇಷ್ಟೇ: ಮೊದ್ಲು ಆಪ್ಟ್ ಲಿಸ್ಟ್‌ಗೆ ಅದೇ ಪ್ಯಾಟರ್ನ್ ಕೋಟ್‌ನಲ್ಲಿ ಕೊಟ್ಟು ಯಾವ್ಯಾವ್ದು ಸಿಗುತ್ತೆ ನೋಡ್ತೀನಿ, ಆಮೇಲೆ ಆಪ್ಟ್-ಗೆಟ್‌ಗೆ ಮೈನಸ್ ಎಸ್ ಹಾಕಿ ಸಿಮ್ಯುಲೇಟ್ ಮಾಡ್ತೀನಿ, ಅದು ಏನನ್ನೂ ಮುಟ್ಟಲ್ಲ, ಏನು ಬರುತ್ತೆ ಏನು ಹೋಗುತ್ತೆ ಅಂತ ಹೇಳುತ್ತೆ ಅಷ್ಟೆ. ಸ್ಟಾರ್ ಇರೋ ಕಮಾಂಡ್‌ಗೆ ಮೈನಸ್ ವೈ (ಕೇಳದೇ ಎಲ್ಲಕ್ಕೂ ಹೂಂ ಅನ್ನೋದು) ಮಾತ್ರ ದಯವಿಟ್ಟು ಹಾಕ್ಬೇಡಿ. ಬೇಕಿರೋದು ಕರ್ಲ್, ಎಂಬಿಸ್ಟ್ರಿಂಗ್, ಎಕ್ಸ್‌ಎಂಎಲ್ ಅಂತ ನಾಲ್ಕೈದೇ ಆದ್ರೆ ಹೆಸರು ಬರ್ದೇ ಹಾಕಿ, ಅರ್ಧ ನಿಮಿಷದ ಕೆಲ್ಸ.